ತಣ್ಣಗಿರುವಾಗ ತಾ

"ಬಿಸಿಯಾದ ಮೇಲೆ ತಂದರೆ ಅದೇನೂ ಹೇಳುವುದಿಲ್ಲ,
ಕಬ್ಬಿಣ ಹಿಗ್ಗಿ ಬಾಯಿ ಮುಚ್ಚಿಕೊಳ್ಳುತ್ತದೆ.
ತಣ್ಣಗಿರುವಾಗ ತಾ" ಅಂದಿದ್ದ ಕುಜ್ಮಾನಿಚ್.
ಹಾಗಾಗಿ ಹಿಂದಿನ ರಾತ್ರಿಯೇ ಅವನ ಶೆಡ್ಡಿನೆದುರು ಬಿಟ್ಟು
ಗಾಳಿಗೆ ಬೆನ್ನು ಕೊಟ್ಟು ಮನೆಗೆ ನಡೆದಿದ್ದೆ.
ಪುಂಟಾ ಅರೇನಾಸಿನ ಗಾಳಿ ಅದು.
ಇಲ್ಲಿ ಟೋಪಿ ಹಾರಿದರೆ ಯಾರೂ ಹುಡುಕುವುದಿಲ್ಲ,
ಜಲಸಂಧಿಯ ಆಚೆ ದಡದವರಿಗೆ ದಾನ ಅಂದುಕೊಳ್ಳುತ್ತಾರೆ.

ಬೆಳಗ್ಗೆ ಎಂಟಾದರೂ ಕತ್ತಲೆ. ಜೂನ್.
ಪ್ಯೂಜೋ ಐನೂರನಾಲ್ಕು, ನನಗಿಂತ ಎರಡು ವರ್ಷ ದೊಡ್ಡದು,
ಬಾಗಿಲೊಂದಕ್ಕೆ ಒಂದೊಂದು ಬಣ್ಣ,
ಹೊಟ್ಟೆಯಡಿ ಸೈಲೆನ್ಸರಿಗೆ
ಹಾಲುಪುಡಿ ಡಬ್ಬಿಯ ತಗಡಿನ ತೇಪೆ.
ಅಣ್ಣ ಎವಾರಿಸ್ತೋ ಹಾಕಿದ್ದು.
ಅವನ ಏಡಿದೋಣಿ ಮರಳದೆ ಹನ್ನೊಂದು ತಿಂಗಳು.

ಕೀ ತಿರುಗಿಸಿದೆ.
ಲೊಚ್ ಲೊಚ್ ಲೊಚ್ ಲೊಚ್
ಸಾವಿನ ಮನೆಗೆ ಬಂದ ಹೆಂಗಸರು
ಮಾತು ತೋಚದೆ ನಾಲಿಗೆಯಲ್ಲೇ ಮರುಗುವ ಹಾಗೆ.
ನಾಲ್ಕು ನಿಮಿಷ ಅಷ್ಟೆ, ಆಮೇಲೆ ಸುಮ್ಮನಾಗುತ್ತದೆ.
ಸುಮ್ಮನಾದದ್ದು ಸರಿಹೋದದ್ದೆಂದು
ಇಷ್ಟು ದಿನ ಓಡಿಸಿದವಳು ನಾನು.

ಕುಜ್ಮಾನಿಚ್‌ನ ಎಡಗಿವಿಯನ್ನು
ಹಡಗುಕಟ್ಟೆಯ ಸುತ್ತಿಗೆಗಳು ಯಾವಾಗಲೋ ತಿಂದಿವೆ.
ಉಳಿದ ಬಲಗಿವಿಗೆ ರಬ್ಬರ್ ನಳಿಗೆ ತುರುಕಿ
ಅದರ ಇನ್ನೊಂದು ತುದಿ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದ.

"ಆ ತೇಪೆಯೇ ಇರಬೇಕು" ಅಂದೆ.
ಅಣ್ಣನ ಮೇಲೆ ಸಿಟ್ಟೂ ಬಂತು,
ಎಲ್ಲ ಅರ್ಧಂಬರ್ಧ ಮಾಡಿಟ್ಟು ಹೋದನಲ್ಲ ಎಂದು.

ಹಿಂದಿನ ಕೊಳವೆಯ ಬಾಯಿಗೆ ಒದ್ದೆ ಚಿಂದಿ ಒತ್ತಿ ಹಿಡಿಯಲು ಹೇಳಿದ.
ಹಿಡಿದೆ. ಕೈಯೊಳಗೆ ಚಿಂದಿ ಮೀನಿನ ಹಾಗೆ ಒದ್ದಾಡಿತು.
ನೆಲಕ್ಕೆ ಮಲಗಿ ತೇಪೆಯ ಸುತ್ತ ಸೋಪುನೀರು ಬಳಿದ.
ಒಂದು ಗುಳ್ಳೆಯೂ ಏಳಲಿಲ್ಲ.
"ಯಾರು ಹಾಕಿದ್ದು?"
"ಅಣ್ಣ."
"ಒಳ್ಳೆ ಕೈ."
ನಾನು ಸುಮ್ಮನೆ ಬೇರೆ ಕಡೆ ನೋಡಿದೆ.

ಸಿಕ್ಕಿದ್ದು ಮೇಲೆ, ಇಂಜಿನ್ನಿನ ಪಕ್ಕದಲ್ಲೇ,
ಕಾರಿನೊಳಕ್ಕೆ ಗಾಳಿ ಹೋಗುವ ದಾರಿಗೆ ಅಂಟಿಕೊಂಡಂತೆ.
ಒಂದು ಬೋಲ್ಟು ಮುರಿದು, ಗ್ಯಾಸ್ಕೆಟ್ ಸುಟ್ಟು,
ಸಂದಿಯಿಂದ ಕೆಳಗೆ ಬೆರಳಗಲ ಮಸಿ,
ಅತ್ತವಳ ಕಾಡಿಗೆ ಇಳಿದಂತೆ.

ಕೈ ಒರೆಸಿಕೊಳ್ಳುತ್ತ ಕೇಳಿದ:
"ಹೀಟರ್ ಹಾಕಿಕೊಳ್ಳುತ್ತೀಯಾ?"
ಈ ಊರಲ್ಲಿ ಹಾಕದವರು ಯಾರು!
"ತಲೆ ನೋಯುತ್ತದಾ?"

ಏನು ಹೇಳಲಿ.
ಕೆಲಸಕ್ಕೆ ಹೋಗುವಾಗ, ರಿಯೊ ಸೆಕೊ ದಾಟಿದ ತಿರುವಿನಲ್ಲಿ,
ನೀರು ಮೊದಲು ಕಾಣುವಲ್ಲೇ,
ದಿನಾ ಕಣಕಾಲು ಸೋತು ಕಣ್ಣು ಮಂಜಾಗಿ
ಹಣೆಯೊಳಗೆ ಯಾರೋ ಕುಳಿತಂತಾಗುತ್ತಿತ್ತು.
ಬಂದ, ಅನ್ನುತ್ತಿದ್ದೆ.
ಒಮ್ಮೊಮ್ಮೆ ಅವನಿಗೆಂದು ಸೀಟಿನಿಂದ ಚೀಲ ಎತ್ತಿಡುತ್ತಿದ್ದೆ.

ಇದನ್ನೆಲ್ಲ ಹೇಳಲಿಲ್ಲ. ತಿರುವು ಅಂದೆ, ಅಷ್ಟೆ.
"ಮನೆಯಿಂದ ಅಲ್ಲಿಗೆ ಎಷ್ಟು ಹೊತ್ತು?"
"ಇಪ್ಪತ್ತು ನಿಮಿಷ."
"ಇಪ್ಪತ್ತು ಸಾಕು" ಅಂದ. "ಬಿಸಿಗೆ ಸದ್ದು ನಿಲ್ಲುತ್ತದೆ ಮಗಳೇ,
ಸೋರುವುದು ನಿಲ್ಲುವುದಿಲ್ಲ."

ಮುರಿದ ಬೋಲ್ಟು ಕೀಳಲು ಮಧ್ಯಾಹ್ನವಾಯಿತು.
ಡ್ರಿಲ್ಲು, ಎಣ್ಣೆ, ಕ್ರೊಯೇಶಿಯದ ಎರಡು ಬೈಗುಳ, ಅವನಜ್ಜ ತಂದಿದ್ದವು.
ಕೂಲಿ ಕೇಳಿದರೆ ತಲೆಯಾಡಿಸಿದ.
"ಜುಲೈಗೆ ಏಡಿ ಶುರುವಾಗುತ್ತಲ್ಲ, ಎರಡು ತಂದುಕೊಡು. ದೊಡ್ಡವು."

ಅದೇ ತಿರುವು. ಗಾಜು ಏರಿಸಿದ್ದೆ, ಹೀಟರ್ ಪೂರ್ತಿ.
ನೀರು ಕಂಡಿತು. ನೀರಷ್ಟೆ.
ತಲೆ ತೊಳೆದಿಟ್ಟ ತಟ್ಟೆ.
ಕಾರು ನಿಲ್ಲಿಸಿ ಆರಿಸಿದೆ, ಪೂರ್ತಿ ತಣ್ಣಗಾಗಲೆಂದು
ಗಂಟೆಗಟ್ಟಲೆ ಕುಳಿತೆ, ಬೆರಳು ಮರಗಟ್ಟುವ ತನಕ.
ಕೀ ತಿರುಗಿಸಿದೆ.
ಯಾರೂ ಲೊಚಗುಟ್ಟಲಿಲ್ಲ.

ಎರಡು ಏಡಿ, ದೊಡ್ಡವು.
ಧಕ್ಕೆಗೆ ಹೋಗಿ ಅವನ ಜೊತೆಗಾರರನ್ನೇ ಕೇಳಬೇಕು.
ಆ ಕಡೆ ಕಾಲಿಟ್ಟಿಲ್ಲ ನಾನು, ಅಂದಿನಿಂದ.