ಎಡಗಡೆ ಮುಂದಿನದು

ಜಾಕಿನ ಮೇಲೆ ಒಂಟಿ ಕಾಲೆತ್ತಿ ನಿಂತಿದೆ
ನನ್ನ ಡ್ರೈವಿಂಗ್ ಸ್ಕೂಲಿನ ಕಾರು, ಬಿ.ಎಂ. ರಸ್ತೆಯ ಪಕ್ಕ.
ಸತ್ತಾರ್ ಭಾಯ್ ಟೈರಿನ ಅಂಚಿಗೆ ಹೆಬ್ಬೆರಳು ಒತ್ತಿ
ನಾಡಿ ಹಿಡಿದವರ ಹಾಗೆ ಅರೆಗಳಿಗೆ ಸುಮ್ಮನಿದ್ದು
‘ಮೇಡಂ, ಇದು ನೀವು ಓಡಿಸಿದ್ದಲ್ಲ’ ಅಂದರು.

ಅಲ್ಲ.
ಹನ್ನೊಂದು ವರ್ಷದಿಂದ ನಾನು ಕೂರುವುದು ಪಕ್ಕದ ಸೀಟು.
ನನ್ನ ಕಾಲ ಕೆಳಗೆ ಒಂದು ಕ್ಲಚ್ಚು, ಒಂದು ಬ್ರೇಕು.
ನಿಲ್ಲಿಸಬಲ್ಲೆ.
ಆಕ್ಸಿಲರೇಟರು ನನ್ನ ಕಡೆಗಿಲ್ಲ.

ಎಡಗಡೆ ಮುಂದಿನದರ ಭುಜ ಬೋಳಾಗಿದೆ.
ಎದುರಿಗೆ ಆಲೂಗಡ್ಡೆ ಲಾರಿ ಕಂಡರೆ ಸಾಕು
ನನ್ನಲ್ಲಿ ಕಲಿತವರೆಲ್ಲ ಎಡಕ್ಕೆ ಸರಿದವರೇ,
ಹೊಸಲೈನ್ ರಸ್ತೆಯ ಅಂಚುಗಲ್ಲಿಗೆ ಉಜ್ಜಿ ಉಜ್ಜಿ
ದೇವರನ್ನು ನೆನೆದವರೇ.
ಈ ಉದ್ದ ಗೀರು ಅಂಚೆ ಕಚೇರಿಯ ಲಲಿತಾಕ್ಷಿಯದು.
ಈ ಬಾವು, ತಣ್ಣೀರುಹಳ್ಳದ ಹಂಪು ಕಾಣದೆ ಹಾರಿಸಿದ
ಪುಟ್ಟಸ್ವಾಮಪ್ಪನವರದು.
ಅರವತ್ತೆರಡಕ್ಕೆ ಕಲಿಯಲು ಬಂದು
ದಿನಾ ಚಪ್ಪಲಿ ಹೊರಗೆ ಬಿಟ್ಟೇ ಕಾರು ಹತ್ತುವ ಮನುಷ್ಯ.
ಇಲ್ಲೊಂದು ಅಂಗೈಯಗಲ ಚಪ್ಪಟೆ ಜಾಗವಿದೆ ನೋಡಿ,
ನಾಯಿಮರಿ ಅಡ್ಡ ಬಂದ ದಿನದ್ದು.
ಅದೊಂದು ಮಾತ್ರ ನನ್ನದು.

ಭಾಯ್ ಒಂದು ರೂಪಾಯಿ ನಾಣ್ಯವನ್ನು ಗೆರೆಗೆ ತೂರಿಸಿದರು.
‘ನಾಣ್ಯ ಇಳಿಯದ ಕಡೆ ನೀರು ಹೇಗೆ ಇಳಿಯುತ್ತೆ?’
ಮೀಟರು ನೋಡಿ ಬಂದ ನಯಾಜ್, ಪಿಯುಸಿ ಓದುವ ಹುಡುಗ,
‘ನಲವತ್ತು ಸಾವಿರ. ಭೂಮಿಗೆ ಒಂದು ಸುತ್ತು, ಆಂಟಿ!’
ಹೌದಪ್ಪ. ಅಷ್ಟೂ ಎರಡನೇ ಗೇರಿನಲ್ಲಿ.
ಪೆನ್‌ಷನ್ ಮೊಹಲ್ಲಾ, ಸಾಲಗಾಮೆ ರಸ್ತೆ,
ಮೈದಾನದಲ್ಲಿ ಸುಣ್ಣ ಎಳೆದ ಎಂಟು.
ಈ ಚಕ್ರ ಶಿರಾಡಿಯ ಒಂದು ತಿರುವೂ ಕಂಡಿಲ್ಲ.

ಮೂಲೆಯಲ್ಲಿ ಅರ್ಧ ರೇಟಿನ ಜೋಡಿಯೊಂದಿತ್ತು,
ಸುತ್ತಿದ ಕಾಗದ ಕೂಡ ಹರಿದಿಲ್ಲ. ಅದೇ ಕೊಡಿ ಅಂದೆ.
ಭಾಯ್ ಅದನ್ನು ಉರುಳಿಸಿ, ಪಕ್ಕೆಯ ನಾಲ್ಕು ಅಂಕಿ ಓದಿಸಿದರು:
ಹದಿನಾಲ್ಕನೇ ವಾರ, ಹದಿನೆಂಟನೇ ಇಸವಿ.
‘ರಸ್ತೆಯನ್ನೇ ಮುಟ್ಟಿಲ್ಲವಲ್ಲ?’
‘ಮುಟ್ಟದಿದ್ರೂ ವಯಸ್ಸಾಗುತ್ತೆ ಮೇಡಂ.
ರಬ್ಬರು ಕೂತಲ್ಲೇ ಬಿರುಕು ಬಿಡುತ್ತೆ.’
ನಾನು ಪಕ್ಕದ ಸೀಟಿನ ಕಡೆ ನೋಡಲಿಲ್ಲ.

ಪರ್ಸಿನಲ್ಲಿದ್ದುದು ಎರಡು ಟೈರಿನ ದುಡ್ಡು.
ಹೊಸವು ಮುಂದಕ್ಕಿರಲಿ ಅಂದರೆ ಭಾಯ್ ತಲೆಯಾಡಿಸಿದರು.
‘ಹೊಸದು ಹಿಂದೆ. ಮುಂದಿನದು ಜಾರಿದ್ರೆ
ಸ್ಟೇರಿಂಗು ಕೈಗೆ ಹೇಳುತ್ತೆ. ಹಿಂದಿನದು ಜಾರಿದ್ರೆ
ಯಾರೂ ಹೇಳಲ್ಲ.’
ಹನ್ನೊಂದು ವರ್ಷ ತದ್ವಿರುದ್ಧ ಹೇಳಿಕೊಟ್ಟಿದ್ದೇನೆ.
ಈಗ ಅಷ್ಟೂ ಜನಕ್ಕೆ ಫೋನು ಮಾಡುವುದೇ?

ಹಿಂದಿದ್ದ ಅರೆಸವೆದವು ಮುಂದಕ್ಕೆ ಬಂದವು.
ಹೊಸವಕ್ಕೆ ಮೈತುಂಬ ಸಣ್ಣ ಸಣ್ಣ ರಬ್ಬರ ಕೂದಲು,
ಇನ್ನೂ ಬ್ಲೇಡು ತಾಗದ ಹುಡುಗನ ಗಲ್ಲ.
‘ಹಳೇದಕ್ಕೆ ನೂರೈವತ್ತು ಕೊಡ್ತೀನಿ’ ಅಂದರು.
ಬೇಡ, ಡಿಕ್ಕಿಗೆ ಹಾಕಿ ಅಂದೆ.
ರಿವರ್ಸ್ ಕಲಿಸುವ ಮೂಲೆಯಲ್ಲಿ ಅರ್ಧ ಹೂತಿಡುತ್ತೇನೆ.
ಇಷ್ಟು ದಿನ ಹೆದರಿ ಅಂಚಿಗೆ ಸರಿಯುತ್ತಿದ್ದುದು
ನಾಳೆಯಿಂದ ತಾನೇ ಅಂಚು.

‘ಮೊದಲ ಇನ್ನೂರು ಕಿಲೋಮೀಟರು ಮೆಲ್ಲಗೆ.’
ಇನ್ನೂರು ಅಂದರೆ ಇಲ್ಲಿಂದ ಸಮುದ್ರ,
ಆಮೇಲೂ ಒಂದಿಷ್ಟು ಮಿಗುತ್ತದೆ.

ಬರುವಾಗ ಓಡಿಸಿಕೊಂಡು ಬಂದ ಪುಟ್ಟಸ್ವಾಮಪ್ಪನವರು
ಕೀಲಿ ನನ್ನ ಕೈಗಿಟ್ಟರು. ‘ಹೊಸ ಟೈರು ತಾಯಿ, ನನಗೆ ಭಯ.’
ಕನ್ನಡಿ ತಿರುಗಿಸಿಕೊಂಡೆ. ಸೀಟು ಎಳೆದುಕೊಂಡೆ.
ಬಲಗಾಲಿಗೆ ಸಿಕ್ಕಿದ್ದನ್ನು ಒತ್ತಿದೆ.
ಮೂರನೇ ಗೇರು.
ನಾಲ್ಕು.

ನನ್ನ ಸೀಟಿನಲ್ಲಿ ಕೂತಿದ್ದ ಅವರು
ತಣ್ಣೀರುಹಳ್ಳದ ಹಂಪಿಗೆ, ಈ ಸಲ,
ನನಗಿಂತ ಮೊದಲೇ ಬ್ರೇಕು ತುಳಿದರು,
ಬರಿಗಾಲಲ್ಲಿ.
ಚಪ್ಪಲಿ ಸತ್ತಾರ್ ಭಾಯ್ ಅಂಗಡಿಯ ಮುಂದೆಯೇ ಉಳಿದಿತ್ತು.