ಅತ್ತಿಗೆಯ ಮೂಗು

ಪಲ್ಪರ್ ಶೆಡ್ಡಿನ ಗೋಡೆಗೆ ಈಗಲೂ
ಕಾಫಿ ಹಣ್ಣಿನ ಕರೆ ಅಂಟಿಕೊಂಡಿದೆ.
ಅದರ ಕೆಳಗೆ ನಮ್ಮ ಮೂರು ತೊಟ್ಟಿ:
ಎರಡು, ಮುಚ್ಚಿಹೋದ ಹಾಲಿನ ಡೇರಿಯವರು ಮಾರಿದ್ದು,
ಒಂದು ಹೊಸತು, ಯಾವಾಗಲೂ ರಿಪೇರಿ.
ಅಮ್ಮತ್ತಿಯಲ್ಲಿ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ:
'ಬಿಯರಿನ ಮನೆಯಾ? ಹಂದಿಗಳು ನಗುವ ಕಡೆ ತಿರುಗಿ.'
ಬೇಯಿಸಿ ಹಿಂಡಿದ ಬಾರ್ಲಿ ಚರಟ
ನಮ್ಮಲ್ಲಿ ದಂಡವಾಗುವುದಿಲ್ಲ.

ಅತ್ತಿಗೆ ದೇಚಮ್ಮ ಕುದಿಸುವವಳು.
ಅಣ್ಣ ಮೊಣ್ಣಪ್ಪ ತೊಳೆಯುವವನು.
ಬಿಯರೆಂದರೆ ಮುಕ್ಕಾಲು ಪಾಲು ತೊಳೆಯುವುದು,
ಯಾವ ಲೇಬಲ್ಲೂ ಇದನ್ನು ಹೇಳುವುದಿಲ್ಲ,
ಲೇಬಲ್ಲು ಬರೆಯುವವಳು ನಾನೇ, ನಾನೂ ಹೇಳಿಲ್ಲ.
ಲೆಕ್ಕವೂ ನನ್ನದು. ಅಬಕಾರಿಯವರಿಗೆ ಕಾಫಿಯೂ.

ಎರಡು ವರ್ಷದ ಹಿಂದೆ ಒಂದು ಜ್ವರ
ಬಂದು ಹೋಗುವಾಗ
ಅತ್ತಿಗೆಯ ವಾಸನೆಯನ್ನು ಜೊತೆಗೆ ಒಯ್ದಿತು.
ಮೂಗು ಅಲ್ಲೇ ಇದೆ. ನೆಗಡಿಯೂ ಬರುತ್ತದೆ.
ಯಾರಿಗೂ ಹೇಳಲಿಲ್ಲ ಅವಳು.
ಒಲೆಯ ಮೇಲೆ ಹಾಲು ಸೀದು ಕರಕಾಗುತ್ತಿದ್ದರೆ
ಬೆನ್ನು ತಿರುಗಿಸಿ ಎರಡೇ ಮಾರು ದೂರ ಕೂತು
ನೆಮ್ಮದಿಯಾಗಿ ಅಕ್ಕಿ ಆರಿಸುತ್ತಿದ್ದಳು.
ಆಗ ನನಗೆ ಗೊತ್ತಾಯಿತು.

ಅಂದಿನಿಂದ ನಾನು ಅವಳ ಮೂಗು.
ಬೆಳಿಗ್ಗೆ ಆರಕ್ಕೆ ಮುಚ್ಚಳ ಎತ್ತಬೇಕು, ಹೇಳಬೇಕು.
'ಚೆನ್ನಾಗಿದೆ' ಎಂದರೆ ಗದರುತ್ತಾಳೆ:
'ಚೆನ್ನಾಗಿದೆ ಅನ್ನುವುದು ವಾಸನೆಯಲ್ಲ, ಮರ್ಯಾದೆ.'
ಹುಡುಕುತ್ತೇನೆ.
ಬಾಳೆಹಣ್ಣು, ಕಪ್ಪು ಚುಕ್ಕೆ ಬಿದ್ದದ್ದು.
ಹೊಸ ಚಾಪೆ.
ಹೂಮಳೆಯಾದ ಒಂಬತ್ತನೇ ದಿನದ ತೋಟ.
ಉಗುಳಿ ಒರೆಸಿದ ಸ್ಲೇಟು.
ಅವಳು ಕಣ್ಣು ಮುಚ್ಚಿ ಕೇಳುತ್ತಾಳೆ
ರೇಡಿಯೋದಲ್ಲಿ ಹಾಕಿ ಮ್ಯಾಚು ಕೇಳಿದ ಹಾಗೆ.
'ಚಾಪೆ ಬೇಡ. ಇನ್ನೆರಡು ದಿನ ಬಿಡು.'

ಒಂದನೇ ತೊಟ್ಟಿಯದು ಕಿತ್ತಳೆ.
ತೋಟದಲ್ಲಿ ಉಳಿದದ್ದು ಹನ್ನೊಂದು ಮರ,
ಹನ್ನೊಂದು ಮರದ ಸಿಪ್ಪೆಗೆ ಎಷ್ಟಾಗುತ್ತದೋ ಅಷ್ಟೇ ಬಾಟಲಿ,
ನಾಗಪುರದ ಹಣ್ಣಿಗೆ ನಮ್ಮ ಗೇಟು ತೆರೆಯುವುದಿಲ್ಲ.
ಎರಡನೆಯದು ಕಾಳುಮೆಣಸು.
ಮೊದಲ ಗುಟುಕಿಗೆ ಏನೂ ಇಲ್ಲ;
ಮಾತು ಮುಗಿಸಿ ಏಳುವಾಗ ಗಂಟಲಲ್ಲಿ
ಯಾರೋ ಬೆಂಕಿಕಡ್ಡಿ ಗೀರುತ್ತಾರೆ.

ಮೂರನೆಯದು ನನ್ನ ಸುಳ್ಳಿನಿಂದ ಹುಟ್ಟಿತು.
ನೆಗಡಿ ಕಟ್ಟಿ ಏನೂ ತಿಳಿಯದ ಆ ವಾರ
ದಿನವೂ ಮುಚ್ಚಳ ಎತ್ತಿ
ನೆನಪಿನಿಂದ ಹೇಳಿದೆ: 'ಬಾಳೆಹಣ್ಣು. ಬಾಳೆಹಣ್ಣೇ.'
ಆರನೇ ದಿನ ಅಣ್ಣ ಒಂದು ಲೋಟ ಹಿಡಿದು
ಅಂಗಳಕ್ಕೆ ಓಡಿ ಉಗಿದ:
'ಹುಳಿ! ಆರುನೂರು ಲೀಟರ್ ಹುಳಿ!
ನಿಮ್ಮಿಬ್ಬರಲ್ಲಿ ಒಬ್ಬಳಿಗಾದರೂ ಮೂಗಿಲ್ಲವಾ?'

ಇರಲಿಲ್ಲ. ಹೇಳಿದೆವು.
ಅವನು ಗಂಬೂಟು ಕಳಚುತ್ತಾ,
'ನಿನ್ನದು ಗೊತ್ತಿರಲಿಲ್ಲ' ಎಂದ ನನಗೆ.
'ಇವಳದು ಗೊತ್ತಿತ್ತು.
ಈ ಬೂಟನ್ನು ಮಂಚದಡಿ ಇಟ್ಟರೂ
ಬೈಯುವುದು ಬಿಟ್ಟಳಲ್ಲ, ಆವತ್ತೇ.'

ಅಬಕಾರಿ ಪುಸ್ತಕದಲ್ಲಿ 'ನಾಶ' ಎಂದು ಬರೆಯಲು
ಪೆನ್ನು ತೆಗೆದಿದ್ದೆ.
ದೇಚಮ್ಮ ಅವನ ಲೋಟ ಎತ್ತಿಕೊಂಡಳು.
ಕುಡಿದಳು. ನಿಂತಳು. ಇನ್ನೊಮ್ಮೆ ಕುಡಿದಳು.
'ನನಗಿದು ಗೊತ್ತಾಗುತ್ತಿದೆ' ಎಂದಳು,
ಕತ್ತಲಲ್ಲಿ ಸ್ವಿಚ್ಚು ಸಿಕ್ಕವರ ದನಿಯಲ್ಲಿ.
'ಹುಳಿಗೆ ಮೂಗು ಬೇಡವಲ್ಲ, ನಾಲಿಗೆ ಸಾಕು.'
ಒಳಗೆ ಹೋಗಿ ಅಜ್ಜಿ ಕಾಸಿಟ್ಟ
ಡಾಂಬರಿನಷ್ಟು ಕಪ್ಪು ಕಾಚಂಪುಳಿಯ ಶೀಶೆ ತಂದು
ಅಳೆಯದೆ ಸುರಿದಳು.
ನನ್ನನ್ನು ಏನೂ ಕೇಳಲಿಲ್ಲ ಆ ಬೆಳಿಗ್ಗೆ.
ನಿಜ ಹೇಳಲಾ, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆ ವರ್ಷ ಕಾರಣರಿಗೆ ಮೀದಿ ಇಟ್ಟ ರಾತ್ರಿ
ತೂಗುದೀಪದ ಕೆಳಗೆ, ಎಲೆಯ ತುದಿಯಲ್ಲಿ,
ಬ್ರಾಂಡಿಯ ಪಕ್ಕ ಮೂರನೇ ತೊಟ್ಟಿಯದೂ ಒಂದು ಗ್ಲಾಸು.
ಬಾಗಿಲು ಮುಂದೆಳೆದು ಎಲ್ಲರೂ ಹೊರಗೆ ನಿಂತೆವು.
ಮತ್ತೆ ತೆರೆದಾಗ ನೊರೆ ಇಳಿದಿತ್ತು.
ಯಾರೂ ಕುಡಿಯದಿದ್ದರೂ ನೊರೆ ಇಳಿಯುತ್ತದೆ, ಬಿಡಿ.
ಪೆಮ್ಮಯ್ಯ ದೊಡ್ಡಪ್ಪ ಗ್ಲಾಸನ್ನು ದೀಪಕ್ಕೆ ಹಿಡಿದು
ಒಂದು ಗುಟುಕು ನೋಡಿ,
ತೀರಿಕೊಂಡವರೆಲ್ಲರ ಪರವಾಗಿ ಹೇಳಿದರು:
'ಹುಳಿ ಒಂಚೂರು ಕಮ್ಮಿ ಮಾಡಬಹುದು.'

'ಆಗುವುದಿಲ್ಲ' ಎಂದು ದೇಚಮ್ಮ
ಗ್ಲಾಸು ಇಸಿದುಕೊಂಡು
ಉಳಿದದ್ದನ್ನು ತಾನೇ ಮುಗಿಸಿದಳು.