ಎಡದ ಅಂಚು

ಹಿಂದಿನ ಗಾಲಿ ಬಿಚ್ಚಿ ಬೆಂಚಿನ ಮೇಲಿಟ್ಟರೆ ಸಾಕು,
ಸವಾರ ಎಂಥವನೆಂದು ಟೈರೇ ಹೇಳುತ್ತದೆ.
ಇಪ್ಪತ್ತಾರು ವರ್ಷದಿಂದ ನಾನು ಓದುತ್ತಿರುವ ಲಿಪಿ ಇದು.
ನಮ್ಮ ರಾಹೆಯಲ್ಲಿ ಎಲ್ಲರ ಟೈರಿಗೂ ಒಂದೇ ಮಾತು:
ನಡುವೆ ಬೋಳು,
ಎರಡೂ ಅಂಚಿನಲ್ಲಿ ಹೊಸ ರಬ್ಬರಿನ ಎಳೆಗೂದಲು ಹಾಗೇ.
ತಪ್ಪು ಅವರದಲ್ಲ, ನೆಲದ್ದು.
ಫಿನ್ಲೆಂಡಿನ ಈ ಕರಾವಳಿಯಲ್ಲಿ ದಾರಿ ಅಂದರೆ
ಇಸ್ತ್ರಿ ಮಾಡಿದ ಬಟ್ಟೆಯ ಮಡಿಕೆ.
ಬಾಗಲು ಒಂದು ನೆಪವೂ ಸಿಗುವುದಿಲ್ಲ.

ತೌನೊ ಬರುವುದು ಜುಲೈ ಮೊದಲ ವಾರ.
ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ,
ಕಿವಿಯ ಹಿಂದೆ ಎಷ್ಟು ತೊಳೆದರೂ ಹೋಗದ ಮಸಿ,
ಕೆಳಗೆ ಇನ್ನೂರ ಎಂಟು ಕುದುರೆಗಳ ಕೆಂಪು ಇಟಾಲಿಯನ್ ಗಾಡಿ.
ಅದರ ಮೂರನೆಯ ಗೇರು ಕಂಡವರಿಲ್ಲ ಅಂತ
ಪೆಟ್ರೋಲ್ ಬಂಕಿನ ಹುಡುಗರು ನಗುತ್ತಾರೆ.

ಇಪ್ಪತ್ತೇಳು ಸಾವಿರ ಯೂರೋ. ಏಳು ವರ್ಷದ ಸಾಲ.
ಸರೋವರದಂಚಿನ ಸೌನಾದಲ್ಲಿದ್ದ ತನ್ನ ಪಾಲನ್ನು
ತಮ್ಮ ವಿಲ್ಹೊಗೆ ಬರೆದುಕೊಟ್ಟು ಮುಂಗಡ ಕಟ್ಟಿದ.
ಈಗ ಅಲ್ಲಿ ಮೀಯಬೇಕಾದರೆ ಮೊದಲು ಫೋನ್ ಮಾಡಬೇಕು.
ಅವನೇನೂ ಹೇಳಿದ್ದಲ್ಲ ಇದನ್ನು. ಊರು ಚಿಕ್ಕದು,
ವಿಲ್ಹೊನ ಹೆಂಡತಿ ಚಳಿಗಾಲದ ಟೈರು ಹಾಕಿಸುವುದು ನನ್ನಲ್ಲೇ.

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಗಾಡಿಗೆ ಬಿಸಿ ಕೋಣೆ,
ತಿಂಗಳಿಗೆ ಎಪ್ಪತ್ತು.
ಬ್ಯಾಟರಿಗೆ ಹನಿಹನಿಯಾಗಿ ಕರೆಂಟು, ಆಸ್ಪತ್ರೆಯ ಡ್ರಿಪ್ಪಿನ ಹಾಗೆ.
ಅವನ ಸ್ವಂತ ಕೋಣೆಯಲ್ಲಿ ಆಗ ಹದಿನೇಳು ಡಿಗ್ರಿ,
ಉಣ್ಣೆಯ ಕಾಲುಚೀಲ ಎರಡು ಜೊತೆ.
ವಾಲ್ವು ನೋಡಿಸಲು ಔಲುವಿಗೇ ಹೋಗಬೇಕು,
ಅಲ್ಲಿನ ಮೆಕ್ಯಾನಿಕ್ ಮುಚ್ಚಳ ತೆಗೆಯುವ ಮೊದಲು ಒಂದು ಸಾವಿರ ಅನ್ನುತ್ತಾನೆ,
ತೆಗೆದ ಮೇಲೆ ಇನ್ನೂ ಸ್ವಲ್ಪ.
ವಿಮೆಯ ಮಾತು ಬಿಡಿ.
ಆಮೇಲೆ ನಾನಿದ್ದೇನೆ: ಮುನ್ನೂರ ಹತ್ತಕ್ಕೆ ಒಂದು ಟೈರು,
ನಾಲ್ಕು ಸಾವಿರ ಕಿಲೋಮೀಟರಿಗೆ ಕರಗುವ ಬೆಣ್ಣೆ.
ತೌನೊ ಒಂದು ದಿನವೂ ಕೊಸರಾಡಿದವನಲ್ಲ.
ಕುದುರೆ ಕೊಂಡವನು ಲಾಳಕ್ಕೆ ಚೌಕಾಸಿ ಮಾಡುವುದಿಲ್ಲ.
ನೋಟು ಎಣಿಸಿ ಕೊಡುತ್ತಾನೆ,
ಎಣಿಸುವಾಗ ಮಾತ್ರ ತುಟಿ ಅಲುಗುತ್ತದೆ.

ಹೋದ ವರ್ಷ ಕುತೂಹಲಕ್ಕೆ, ಬಿಲ್ಲಿನ ಹಿಂದೆ, ಲೆಕ್ಕ ಹಾಕಿದೆ.
ಅವನು ಓಡಿಸಿದ್ದು ನಲವತ್ತೊಂದು ದಿನ.
ದಿನಕ್ಕೆ ಬಂದ ಮೊತ್ತ ನೋಡಿ ಚೀಟಿಯನ್ನು ಒಲೆಗೆ ಹಾಕಿದೆ.
ನನಗೂ ಒಂದು ಪಿಯಾನೊ ಇದೆ. ಯಾರೂ ಲೆಕ್ಕ ಕೇಳಬಾರದು.

ಈ ಜುಲೈ, ಗಾಲಿ ಬಿಚ್ಚಿದವಳು ಸುಮ್ಮನೆ ನಿಂತೆ.
ನಡು ಬೋಳು, ಸರಿ. ಬಲದ ಅಂಚು ಎಳಸು, ಸರಿ.
ಎಡದ ಅಂಚು ಮಾತ್ರ ಕೊನೆಯ ಕೂದಲಿನವರೆಗೂ ಸವೆದು
ಪೆನ್ಸಿಲ್ ಕೆತ್ತಿದ ಹೊಟ್ಟಿನಂತೆ ಸುರುಳಿ ಸುರುಳಿ.
ಎಡಕ್ಕೆ ಮಾತ್ರ ತಿರುಗುವ ದಾರಿ ಯಾವ ದೇಶದಲ್ಲಿದೆ?
ಕೇಳಲಿಲ್ಲ. ಹೊಸದು ಹಾಕಿ ಕಳಿಸಿದೆ.

ಐದಾರು ರಾತ್ರಿ ಕಳೆದು (ರಾತ್ರಿ ಅನ್ನುವುದು ಹೆಸರಿಗೆ,
ಸೂರ್ಯ ಕಡಲಲ್ಲಿ ಒಮ್ಮೆ ಅದ್ದಿಕೊಂಡು ಎದ್ದುಬಿಡುವ ಕಾಲ)
ನಿದ್ದೆ ಬಾರದೆ ನಾಯಿಯ ಜೊತೆ ಹೊರಟೆ.
ಊರಾಚೆ, ಮುಚ್ಚಿದ ಹಾರ್ಡ್‌ವೇರ್ ಅಂಗಡಿಯ ಎದುರು
ನಾಲ್ಕು ದಾರಿ ಸೇರುವ ವೃತ್ತ,
ನಡುವೆ ಮೂರು ಬರ್ಚ್ ಸಸಿ, ಬಣ್ಣ ಬಳಿದ ಒಂದು ಹಳೆಯ ಲಂಗರು.
ಅದರ ಸುತ್ತ ತೌನೊ.
ಎಡಕ್ಕೆ ಒರಗಿ, ಮೊಣಕಾಲಿನಿಂದ ಡಾಂಬರನ್ನು ತಡಕುತ್ತ,
ಸುತ್ತು, ಮತ್ತೊಂದು ಸುತ್ತು, ಯಾವ ದಾರಿಗೂ ಹೊರಳದೆ.
ಸದ್ದು ಜೋರಿಲ್ಲ. ಎರಡನೇ ಗೇರಿನಲ್ಲಿ
ಮಗು ಮಲಗಿಸುವವರ ಗುನುಗು.
ನಾಯಿ ಕೂತುಬಿಟ್ಟಿತು.
ಸುತ್ತಿಗೆ ಎಷ್ಟು ಸೆಂಟು ಅಂತ ಬೆರಳು ಮಡಿಸುತ್ತ
ಹತ್ತೊಂಬತ್ತರವರೆಗೆ ಎಣಿಸಿದೆ,
ಆಮೇಲೆ ಬೆರಳು ಮರೆತೆ.

ಮರುವಾರ ಚೈನಿನ ಎಣ್ಣೆಗೆ ಬಂದವನು
ಹೆಲ್ಮೆಟ್ಟಿನೊಳಗಿಂದಲೇ ಕೇಳಿದ:
ಒಂದು ಕಡೆ ಸವೆದರೆ ಟೈರನ್ನು ಮಗುಚಿ ಹಾಕಬಹುದಾ?
ಸ್ವಲ್ಪ ದುಡ್ಡು ಉಳಿಯುತ್ತೆ.
ಐದು ವರ್ಷದಲ್ಲಿ ಮೊದಲ ಚೌಕಾಸಿ.
ಕುಕ್ಕರಗಾಲಲ್ಲಿ ಕೂತು
ರಬ್ಬರಿನ ಮೈಯಲ್ಲಿ ಅಚ್ಚಾದ ಬಾಣ ತೋರಿಸಿದೆ.
ಉರುಳುವುದು ಒಂದೇ ದಿಕ್ಕಿಗೆ, ತೌನೊ.
ಅವನು ಬಗ್ಗಿ ಬಾಣವನ್ನು ಹೆಬ್ಬೆರಳಿನಿಂದ ಒರೆಸಿದ,
ಇಷ್ಟು ದಿನ ಕಾಣದ್ದು ಧೂಳಿನಿಂದ ಎಂಬಂತೆ.

ಎಣ್ಣೆಗೆ ಹನ್ನೊಂದು ಯೂರೋ.
ಹತ್ತು ತಗೊಂಡೆ.